ಎರಡನೆಯ ಬಾಗಿಲು ಹುಡುಕುವ ಇನಾಯತುಲ್ಲಾ

ಯಾವ ಕಟ್ಟಡದೊಳಗೆ ಕಾಲಿಟ್ಟರೂ ಇನಾಯತುಲ್ಲಾ ಅವರ ಕಣ್ಣು ಮೊದಲು ಹೊರಗೆ ಹೋಗುವ ಇನ್ನೊಂದು ಬಾಗಿಲನ್ನು ಹುಡುಕುತ್ತದೆ. ಅದು ಸಿಗುವವರೆಗೆ ಅವರು ಕೂರುವುದಿಲ್ಲ, ಕೊಟ್ಟ ಚಹಾ ಮುಟ್ಟುವುದಿಲ್ಲ, ಕೇಳಿದ ಪ್ರಶ್ನೆಗೆ ಬರುವ ಉತ್ತರವೂ ಅರ್ಧಂಬರ್ಧ. ನಾನು ಅವರನ್ನು ಮೊದಲು ಕಂಡದ್ದು ಕ್ಯಾಸಲ್‌ನಾಕ್‌ನ ಒಂದು ಸಭಾಂಗಣದಲ್ಲಿ, ಡಬ್ಲಿನ್ನಿನ ಕನ್ನಡದವರೆಲ್ಲ ಯುಗಾದಿಯ ನೆಪದಲ್ಲಿ ಸೇರಿದ್ದ ಒಂದು ಮಧ್ಯಾಹ್ನ. ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ, ನಲವತ್ತೈದರ ಆಸುಪಾಸಿನ, ಕೃಶಕಾಯದ ಮನುಷ್ಯರೊಬ್ಬರು ಹೆಸರು ಹೇಳುವುದಕ್ಕೂ ಮುಂಚೆ, ಅತ್ಯಂತ ವಿನಯದಿಂದ, "ಸಾರ್, ಹಿಂದ್ಗಡೆ ಬಾಗ್ಲು ಏನಾದ್ರೂ ಐತಾ ಇಲ್ಲಿ?" ಎಂದು ಕೇಳಿದರು. ಸಿಗರೇಟಿನ ಚಟದವರಿರಬೇಕೆಂದುಕೊಂಡು ನಾನು ಅಡುಗೆಕೋಣೆಯ ಕಡೆ ಕೈ ತೋರಿಸಿದೆ. ಅವರು ಹೋದರು, ಬಾಗಿಲನ್ನು ತಳ್ಳಿ ನೋಡಿದರು, ಅದು ತೆರೆದುಕೊಳ್ಳುತ್ತದೆಂದು ಖಾತ್ರಿ ಮಾಡಿಕೊಂಡು ಮತ್ತೆ ಮುಚ್ಚಿದರು, ಹೊರಗೆ ಒಂದು ಹೆಜ್ಜೆಯನ್ನೂ ಇಡದೆ ಮರಳಿ ಬಂದು, "ಗ್ರ್ಯಾಂಡ್" ಎಂದು ತಮಗೆ ತಾವೇ ಹೇಳಿಕೊಂಡು ತಟ್ಟೆ ತೆಗೆದುಕೊಂಡರು.

ಈ 'ಗ್ರ್ಯಾಂಡ್' ಎಂಬ ಶಬ್ದವನ್ನು ಐರ್ಲೆಂಡಿನವರು ಉಪ್ಪಿನಂತೆ ಬಳಸುತ್ತಾರೆ. ಹವೆ ಗ್ರ್ಯಾಂಡ್, ಆರೋಗ್ಯ ಗ್ರ್ಯಾಂಡ್, ನೀವು ಅವರ ಕಾಲು ತುಳಿದು ಕ್ಷಮೆ ಕೇಳಿದರೆ ಅದೂ ಗ್ರ್ಯಾಂಡ್. ನಮ್ಮವರ ಕನ್ನಡದಲ್ಲೂ ಅದು ಸೇರಿಹೋಗಿದೆ. ಆದರೆ ಇನಾಯತುಲ್ಲಾ ಅವರ ಬಾಯಲ್ಲಿ ಅದರ ಅರ್ಥ ಬೇರೆ ಎಂಬುದು ನನಗೆ ತಿಳಿಯಲು ಕೆಲವು ತಿಂಗಳು ಬೇಕಾದವು. ನಿರಾಳವಾಗಿರುವಾಗ ಅವರು ಆ ಪದವನ್ನು ಒಮ್ಮೆ ಹೇಳುತ್ತಾರೆ. ಎದೆ ಹೊಡೆದುಕೊಳ್ಳುತ್ತಿರುವಾಗ ಎರಡು ಸಲ ಹೇಳುತ್ತಾರೆ, ಎರಡನೆಯದು ಮೊದಲಿನದಕ್ಕಿಂತ ಮೆಲ್ಲಗೆ. ಅವರ ಹೆಂಡತಿ ಸುರಯ್ಯಾ ಅಡುಗೆಮನೆಯಲ್ಲಿದ್ದುಕೊಂಡೇ ಈ ವ್ಯತ್ಯಾಸವನ್ನು ಗುರುತಿಸಿ ಒಲೆ ಸಣ್ಣ ಮಾಡಿ ಹೊರಬರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅವರ ನಡಿಗೆಯೂ ವಿಲಕ್ಷಣವಾದದ್ದೇ. ರಸ್ತೆಯ ಎಡಬದಿಯ ಗೋಡೆಗೆ ಭುಜ ತಾಗುವಷ್ಟು ಹತ್ತಿರದಲ್ಲಿ, ನೀರಿನಂಚಿನಲ್ಲಿ ನಡೆಯುವ ಕೊಕ್ಕರೆಯಂತೆ ಹೆಜ್ಜೆಯಿಟ್ಟು ನಿಂತು, ನಿಂತು ಹೆಜ್ಜೆಯಿಟ್ಟು, ಆಗಾಗ ಕೊರಳನ್ನು ಪೂರ್ತಿ ಎಡಕ್ಕೆ ತಿರುಗಿಸಿ ನೋಡುತ್ತ ಸಾಗುತ್ತಾರೆ. ಎಡಗಣ್ಣಿನ ಅಂಚಿನ ದೃಷ್ಟಿ ಮಸುಕಾಗಿರುವುದರಿಂದ ಆ ತಿರುಗುವಿಕೆ ಎಂದು ವೈದ್ಯಕೀಯ ಸಮಾಧಾನವೇನೋ ಇದೆ. ಮೈಮೇಲೆ ಮಾತ್ರ ಮಳೆಯಿರಲಿ ಬಿಸಿಲಿರಲಿ ಅದೇ ಪ್ರಖರ ಹಳದಿಯ, ಬೆಳ್ಳಿಪಟ್ಟಿಗಳು ಹೊಳೆಯುವ, ರಸ್ತೆ ಕೆಲಸದವರು ತೊಡುವ ಜಾಕೆಟ್ಟು. ಕಂಪ್ಯೂಟರ್ ಜಾಲಗಳ ಉಸ್ತುವಾರಿ ನೋಡುವ ಎಂಜಿನಿಯರಿಗೆ ಇದೇಕೆಂದು ನಾನೊಮ್ಮೆ ಕೇಳಿದ್ದೆ. "ಹಳದಿ ಜಾಕೆಟ್ ಹಾಕ್ಕೊಂಡವನ್ನ ಯಾರೂ ನೋಡಲ್ಲ ಮೇಷ್ಟ್ರೇ, ಏನೋ ಕೆಲಸದೋನು ಅಂತ ಬಿಟ್ಬಿಡ್ತಾರೆ," ಎಂದರು. ಜಿಪ್ಪನ್ನು ಕೊರಳವರೆಗೆ ಎಳೆದುಕೊಂಡು ಸೇರಿಸಿದರು: "ಆದ್ರೆ ಏನಾದ್ರೂ ಆದ್ರೆ ದೂರದಿಂದ್ಲೂ ಕಾಣಿಸ್ತಾನೆ."

ಹಿಂದೆ ಮೈಸೂರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆನೆಂದು ತಿಳಿದ ಮೇಲೆ ಅವರು ನನ್ನನ್ನು 'ಮೇಷ್ಟ್ರೇ' ಎನ್ನತೊಡಗಿದ್ದರು. ಅವರೂ ಆ ಸೀಮೆಯವರೇ, ಶ್ರೀರಂಗಪಟ್ಟಣದವರು. ಕೋಟೆ, ಕಂದಕ, ಬತೇರಿ, ಮುರಿದ ಕಮಾನುಗಳ ನಡುವೆ ಗೋಲಿಯಾಡಿ ಬೆಳೆದವರು. ಅಲ್ಲಿನ ಗೋಡೆಗಳ ಮೇಲೆ ಮಲಗಿ ಆಕಾಶ ನೋಡುತ್ತಿದ್ದೆನೆಂದು ಒಮ್ಮೆ ಹೇಳಿದ್ದರು. ಗೋಡೆಯೆಂದರೆ ಆಗ ಅವರಿಗೆ ಬೆನ್ನಿಗೆ ಬೆಚ್ಚಗಿನ ಕಲ್ಲು, ಅಷ್ಟೇ.

ಆ ಅರ್ಥ ಬದಲಾದದ್ದು ಡಬ್ಲಿನ್ನಿನಲ್ಲಿ. ಆಗ ಅವರ ಕುಟುಂಬ ಟಾಲಾದಲ್ಲಿ ಬಾಡಿಗೆಗಿತ್ತು, ಕೆಲಸ ಸ್ಯಾಂಟ್ರಿಯಲ್ಲಿ. ಬೇಸಿಗೆಯ ಒಂದು ಸಂಜೆ, ಈ ದೇಶದ ಬೇಸಿಗೆಯ ಸಂಜೆಗಳಂತೆ ಇನ್ನೂ ಹಗಲಿನಷ್ಟೇ ಬೆಳಕಿರುವಾಗ, ಲುವಾಸ್ ಟ್ರಾಮ್ ಇಳಿದು ಮನೆಗೆ ನಡೆಯುತ್ತಿದ್ದವರ ಬೆನ್ನ ಹಿಂದೆ ಹದಿಹರೆಯದ ಕೆಲವರು ಬಂದರು. ಮೊದಲು ಮಾತು, ಆಮೇಲೆ ನಗು, ಆಮೇಲೆ ಕುಡಿದು ಮುಗಿಸಿದ ಡಬ್ಬಿಯೊಂದು ಹೆಗಲಿಗೆ ಬಂದು ಬಿತ್ತು. ನಿನ್ನ ದೇಶಕ್ಕೆ ಹೋಗು ಎಂಬ ಕೂಗಿಗೆ ಉತ್ತರ ಕೊಡದೆ ಇನಾಯತುಲ್ಲಾ ಓಡಿದರು. ಎದುರಿಗೆ ರಸ್ತೆ ಎರಡಾಗಿತ್ತು, ಬಲಕ್ಕೆ ತಿರುಗಿದರು. ಕೆಲವು ಮನೆಗಳ ಆಚೆಗೆ ಆ ಬೀದಿ ಎತ್ತರದ ಗೋಡೆಯೊಂದಕ್ಕೆ ಢಿಕ್ಕಿ ಹೊಡೆದಂತೆ ಮುಗಿದುಹೋಗಿತ್ತು. ಆಮೇಲೆ ನಡೆದದ್ದರಲ್ಲಿ ಕೆನ್ನೆಯ ಮೂಳೆ ಮುರಿಯಿತು, ಕಣ್ಣಿಗೆ ಪೆಟ್ಟಾಯಿತು. ಪಕ್ಕದ ಮನೆಯ ಮುದುಕಿಯೊಬ್ಬಳು ಹೊರಬಂದು ಕಿರುಚಿದ್ದರಿಂದ ಅಷ್ಟಕ್ಕೇ ನಿಂತಿತು. ಟಾಲಾದ ದೊಡ್ಡ ಆಸ್ಪತ್ರೆಯವರು ಮುಖವನ್ನು ಸರಿಯಾಗಿಯೇ ಜೋಡಿಸಿ ಕಳಿಸಿದರು.

"ಹೊಡ್ದಿದ್ದು ನಂಗೆ ಅಷ್ಟೊಂದು ನೆನಪಿಲ್ಲ ಮೇಷ್ಟ್ರೇ. ಆ ಗೋಡೆ ನೆನಪೈತೆ," ಎಂದು ಅವರು ಹೇಳಿದ್ದು ಒಂದೇ ಒಂದು ಸಲ. "ಎಡಕ್ಕೆ ತಿರುಗಿದ್ರೆ ದೊಡ್ಡ ರೋಡೇ ಸಿಗ್ತಿತ್ತಂತೆ. ಎರಡು ವರ್ಷದಿಂದ ಅದೇ ಏರಿಯಾದಲ್ಲಿದ್ದೆ. ನಂಗೆ ಗೊತ್ತೇ ಇರ್ಲಿಲ್ಲ."

ಹೊಡೆದವರ ತಪ್ಪು ಎಲ್ಲೋ ಹಿಂದಕ್ಕೆ ಸರಿದು, ಬೀದಿಯ ಭೂಗೋಳ ತಿಳಿಯದಿದ್ದದ್ದೇ ತನ್ನ ಅಪರಾಧವೆಂಬ ಒಂದು ವಿಚಿತ್ರ ನ್ಯಾಯ ಅವರ ಮನಸ್ಸಿನಲ್ಲಿ ಆ ಸಂಜೆಯಿಂದ ಬೇರೂರಿತು. ಮನುಷ್ಯರನ್ನು ಬದಲಾಯಿಸಲಾಗದು, ದಾರಿಗಳನ್ನು ಕಲಿಯಬಹುದು. ಅವರು ಕಲಿಯಲು ಕುಳಿತರು.

ಸುರಯ್ಯಾ ಅವರಿಗೆ ಮೀತ್ ಸೀಮೆಯ ಒಂದು ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿ, ಸಂಸಾರ ಕಿಲ್‌ಟಾರನ್ ಎಂಬ ಪುಟ್ಟ ಹಳ್ಳಿಗೆ ಹೋಯಿತು. ಹೋದ ಮೊದಲ ವಾರವೇ ಇನಾಯತುಲ್ಲಾ ನನಗೆ ಫೋನು ಮಾಡಿ ಆ ಊರಿನ ಆಕಾರವನ್ನು ವರ್ಣಿಸಿದರು. ಬಾಯ್ನ್ ನದಿಯನ್ನು ಸೇರಲು ಹೊರಟ ಒಂದು ಹೊಳೆ, ಮಡಿಸಿದ ಮೊಣಕೈಯಂತೆ ಊರನ್ನು ಮೂರು ಕಡೆಯಿಂದ ಬಳಸುತ್ತದೆ. ನಾಲ್ಕನೆಯ ಕಡೆ ಹಳೆಯ ಜಮೀನ್ದಾರನ ಎಸ್ಟೇಟಿನ ಗೋಡೆ. ಮಹಾಕ್ಷಾಮದ ಕಾಲದಲ್ಲಿ ಹಸಿದವರಿಗೆ ಒಂದು ಹೊತ್ತಿನ ಅಂಬಲಿ ಕೊಟ್ಟು ಕಟ್ಟಿಸಿದ್ದೆಂದು ಊರವರು ಹೇಳುವ, ಮೈಲುಗಟ್ಟಲೆ ಹರಿಯುವ ಬೂದುಗಲ್ಲಿನ ಗೋಡೆ. ಒಂದೇ ಬೀದಿ. ಅದರ ಒಂದು ತುದಿಗೆ ಗೂನುಬೆನ್ನಿನ ಕಲ್ಲಿನ ಸೇತುವೆ, ಇನ್ನೊಂದು ತುದಿಗೆ ಗೋಡೆಯ ಗುಂಟ ಹೊರಗೆ ಹೋಗುವ ಹಿಂದಿನ ರಸ್ತೆ. ನಡುವೆ ಕುದುರೆ ಗಾಡಿಗಳ ಕಾಲದ ಛತ್ರ, ಅದೀಗ ಪಬ್ಬು. ಮೋಟು ಗೋಪುರದ ಪ್ರಾಟೆಸ್ಟಂಟ್ ಚರ್ಚು. ಹೊಳೆಯಂಚಿಗೆ ಚಕ್ರ ಕಳಚಿಹೋದ ನೀರಿನ ಗಿರಣಿ. ಹುಲ್ಲುಗಾವಲಿನಲ್ಲಿ ಸೂರಿಲ್ಲದೆ ನಿಂತ, ಕಿಟಕಿಗಳಲ್ಲಿ ಕಾಗೆಗಳು ಸಂಸಾರ ಹೂಡಿದ ಸನ್ಯಾಸಿಗಳ ಮಠ.

"ನಮ್ಮೂರೂ ನೀರಿನ ಮಧ್ಯನೇ ಇತ್ತು ಮೇಷ್ಟ್ರೇ," ಎಂದರು. "ಅಲ್ಲಿ ಒಂದಿನಾನೂ ಹಿಂಗನ್ನಿಸಿರ್ಲಿಲ್ಲ." ಆಮೇಲೆ, "ಪರ್ವಾಗಿಲ್ಲ, ಗ್ರ್ಯಾಂಡ್, ಗ್ರ್ಯಾಂಡ್," ಎಂದು ಫೋನಿಟ್ಟರು.

ಹೊರಬೀಳಲು ಎರಡೇ ದಾರಿಗಳಿರುವ ಆ ಊರಿನಲ್ಲಿ ಮೂರನೆಯ, ನಾಲ್ಕನೆಯ ದಾರಿಗಳನ್ನು ಹುಡುಕುತ್ತ ಅವರು ತಮ್ಮ ಶನಿವಾರ ಭಾನುವಾರಗಳನ್ನೆಲ್ಲ ಕಳೆದರು. ಚರ್ಚಿನ ಬೀಗದ ಕೈಗಳನ್ನು ಇಟ್ಟುಕೊಂಡಿದ್ದ ಮಿಸೆಸ್ ಫ್ಯಾಲನ್ ಎಂಬ ಎಪ್ಪತ್ತು ದಾಟಿದ ವಿಧವೆ, ಈ ಹಳದಿ ಜಾಕೆಟ್ಟಿನ ಪರದೇಶಿ ತಮ್ಮೂರಿನ ಕಲ್ಲುಗಳ ಬಗ್ಗೆ ತೋರುವ ಕುತೂಹಲಕ್ಕೆ ಮರುಳಾಗಿ, ಗೋಪುರದ ಸುರುಳಿ ಮೆಟ್ಟಿಲುಗಳನ್ನೂ ಪಾದ್ರಿಯ ಕೋಣೆಯ ಕಿರುಬಾಗಿಲನ್ನೂ ತಾವೇ ತೆರೆದು ತೋರಿಸಿದರು. ಗಿರಣಿಯ ತಳದಲ್ಲಿ ನೀರು ಹೊರಹೋಗುತ್ತಿದ್ದ ಕಮಾನು, ಮಠದ ಊಟದ ಮನೆಯಿಂದ ಹೊಳೆಗಿಳಿಯುವ ಕಲ್ಲಿನ ಸೋಪಾನ, ಎಸ್ಟೇಟಿನ ಗೋಡೆಯನ್ನು ಹತ್ತಿ ಇಳಿಯಲು ಹಳ್ಳಿಗರು ಯಾವುದೋ ಕಾಲದಲ್ಲಿ ಚಾಚಿಸಿಟ್ಟ ಕಲ್ಲಿನ ಹೆಜ್ಜೆಗಳು, ಎಲ್ಲವೂ ಅವರ ಅಂಗೈ ರೇಖೆಗಳಾದವು. ಊರವರು ಇದನ್ನು ಇತಿಹಾಸಪ್ರೇಮವೆಂದರು. ಇನಾಯತುಲ್ಲಾ ತಿದ್ದಲಿಲ್ಲ. ತಿದ್ದುವುದಕ್ಕೂ ಅವರಿಗೆ ಭಯ.

ಮಗಳು ಆಮ್ನಾಗೆ ಆಗ ಹದಿನಾಲ್ಕು. ಹುಟ್ಟಿದ್ದೇ ಇಲ್ಲಿ, ಕನ್ನಡವೂ ಮನೆಯ ಉರ್ದುವೂ ಚೆನ್ನಾಗಿ ಅರ್ಥವಾಗುತ್ತವೆ, ಉತ್ತರ ಬರುವುದು ಮಾತ್ರ ಐರಿಶ್ ರಾಗದ ಇಂಗ್ಲಿಷಿನಲ್ಲಿ. ಅಪ್ಪ ಅವಳನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಅವರ ಮನೆಗೆ ನಾನು ಹೋದ ಒಂದು ಭಾನುವಾರ ಊಟದ ನಂತರ ಈ ಪಾಠ ನನ್ನೆದುರಿಗೇ ನಡೆಯಿತು. ಸೇತುವೆಯ ಹತ್ತಿರ ಇದ್ದೀಯ, ಯಾವುದೋ ಕಾರು ನಿಧಾನವಾಗಿ ಹಿಂದೆ ಬರ್ತಿದೆ, ಏನು ಮಾಡ್ತೀಯ ಎಂದು ಅವರು ಕೇಳಿದರು. ಆಮ್ನಾ ಮಗ್ಗಿ ಒಪ್ಪಿಸುವವಳಂತೆ, ಗಿರಣಿ, ತಳದ ಕಮಾನು, ಹೊಳೆಯ ದಂಡೆ, ಮಿಸೆಸ್ ಫ್ಯಾಲನ್ನರ ಹಿತ್ತಲು ಎಂದು ಹೇಳಿದಳು. ಹಿಂದಿನ ರಸ್ತೆಯಲ್ಲಾದರೆ? ಗೋಡೆಯ ಹೆಜ್ಜೆಕಲ್ಲು, ಆಚೆಗೆ ಕಾಡು, ಕಾಣದಂತೆ ಕೂರುವುದು, ಫೋನು ಸದ್ದಾಗದಂತೆ ಇಡುವುದು. ಅವಳ ದನಿಯಲ್ಲಿ ಬೇಸರವಿರಲಿಲ್ಲ. ಸರಿಯುತ್ತರದ ಹೆಮ್ಮೆ ಇತ್ತು. ನಾನು ಹೆದರಿದ್ದು ಆ ಹೆಮ್ಮೆಗೆ.

ಸುರಯ್ಯಾ ತಟ್ಟೆಗಳನ್ನು ಎತ್ತುತ್ತಿದ್ದವರು ನಿಂತರು. "ಎಲ್ರ ಮನೇಲೂ ಮಕ್ಳಿಗೆ ದಾರಿ ಹೇಳ್ಕೊಡ್ತಾರೆ, ಎಲ್ಲಿಗೆ ಹೋಗ್ಬೇಕು ಅಂತ," ಎಂದು ನನ್ನ ಕಡೆ ನೋಡಿ ಹೇಳಿದರು. "ಇವ್ರು ಓಡೋದಕ್ಕೆ ಮಾತ್ರ ಹೇಳ್ಕೊಡ್ತಾರೆ ಸಾರ್."

ಇನಾಯತುಲ್ಲಾ ಕೊರಳನ್ನು ಎಡಕ್ಕೆ ತಿರುಗಿಸಿ ಕಿಟಕಿಯಾಚೆಯ ರಸ್ತೆಯನ್ನು ನೋಡುತ್ತ ಕುಳಿತರು.

ಆಗಸ್ಟಿನಲ್ಲಿ ದೇಶದಾದ್ಯಂತ ಹಳೆಯ ಕಟ್ಟಡಗಳನ್ನು ಜನರಿಗೆ ತೋರಿಸುವ ಒಂದು ವಾರವಿರುತ್ತದೆ. ಕಿಲ್‌ಟಾರನ್ನಿನಲ್ಲಿ ಪ್ರತಿವರ್ಷ ಆ ಕೆಲಸ ಮಾಡುತ್ತಿದ್ದ ಮಿಸೆಸ್ ಫ್ಯಾಲನ್‌ಗೆ ಆ ವರ್ಷ ಮಂಡಿನೋವು. ಅವರು ಇನಾಯತುಲ್ಲಾ ಅವರ ಹೆಸರು ಹೇಳಿದರು, ಊರವರು ಸಂತೋಷದಿಂದ ಒಪ್ಪಿದರು. ಇಪ್ಪತ್ತಾರು ಜನರ ಮುಂದೆ ಮಾತಾಡುವ ಭಯ ಒಂದು ಕಡೆ, ಬೇಡವೆಂದರೆ ಅವರೇನಂದುಕೊಳ್ಳುತ್ತಾರೋ ಎಂಬ ಭಯ ಇನ್ನೊಂದು ಕಡೆ, ಎರಡನೆಯದು ಗೆದ್ದಿತು. ಜೊತೆಗಿರಿ ಮೇಷ್ಟ್ರೇ ಎಂದು ಕೇಳಿಕೊಂಡದ್ದರಿಂದ ಆ ಶನಿವಾರ ಮಧ್ಯಾಹ್ನ ನಾನೂ ಹೋದೆ. ಸುರಯ್ಯಾಗೆ ಡ್ಯೂಟಿಯಿತ್ತು. ಆಮ್ನಾ ಹಿಂದಿನ ರಸ್ತೆಯಲ್ಲಿರುವ ಗೆಳತಿಯ ಮನೆಗೆ ಹೋಗಿದ್ದಳು, ಅಲ್ಲಿಂದ ನಡೆದುಕೊಂಡು ಬಂದು ಮಠದ ಹತ್ತಿರ ನಮ್ಮನ್ನು ಸೇರುವವಳಿದ್ದಳು.

ಮೋಡ ಕವಿದ, ಗಾಳಿ ಸತ್ತ ದಿನ. ಹೊಳೆಯ ನೀರು ಸೀಸದ ಬಣ್ಣಕ್ಕೆ ತಿರುಗಿತ್ತು. ಇನಾಯತುಲ್ಲಾ ಸೇತುವೆಯ ಮೇಲೆ ನಿಂತು ಮೊದಲು ಒಣಗಿದ ದನಿಯಲ್ಲಿ ಶುರುಮಾಡಿದರು. ಸೇತುವೆಯ ಕೈಗೋಡೆಯಲ್ಲಿ ಅಲ್ಲಲ್ಲಿ ಹೊರಕ್ಕೆ ಉಬ್ಬಿದ ಮುಮ್ಮೂಲೆಗಳಿವೆ, ವೇಗವಾಗಿ ಬರುವ ಗಾಡಿಯಿಂದ ನಡೆಯುವವನು ತಪ್ಪಿಸಿಕೊಂಡು ನಿಲ್ಲಲೆಂದು ಕಟ್ಟಿದವು ಎಂದರು. ಚರ್ಚಿನಲ್ಲಿ, ಮುಖ್ಯದ್ವಾರ ಮುರಿದರೂ ಗೋಪುರದ ಮೆಟ್ಟಿಲಿನಲ್ಲಿ ಒಬ್ಬನೇ ಒಬ್ಬ ಹಲವರನ್ನು ತಡೆಯಬಹುದೆಂದು ತೋರಿಸಿದರು. ಗಿರಣಿಯ ತಳದಲ್ಲಿ ಬಗ್ಗಿ ನಡೆದರೆ ಯಾರಿಗೂ ಕಾಣದೆ ದಂಡೆ ಸೇರಬಹುದೆಂದರು. ಬಂದವರು ಮಂತ್ರಮುಗ್ಧರಾಗಿ ಕೇಳಿದರು, ಫೋಟೋ ತೆಗೆದುಕೊಂಡರು, ಇಂಥ ಜೀವಂತ ವಿವರಣೆಯನ್ನು ಹಿಂದೆಂದೂ ಕೇಳಿಲ್ಲವೆಂದು ಪಿಸುಗುಟ್ಟಿದರು. ನಾನು ಮಾತ್ರ ಅವರು ಹೇಳದೆ ಬಿಟ್ಟದ್ದನ್ನು ಎಣಿಸುತ್ತಿದ್ದೆ. ಕಟ್ಟಿದವರ ಹೆಸರಿಲ್ಲ, ಶೈಲಿಯ ಮಾತಿಲ್ಲ. ಊರಿನ ಎಂಟುನೂರು ವರ್ಷಗಳ ಚರಿತ್ರೆಯಲ್ಲಿ ಈ ಮನುಷ್ಯ ಬೆನ್ನಟ್ಟಿಸಿಕೊಂಡವರನ್ನು ಮಾತ್ರ ಕಂಡಿದ್ದ. ಮಿಸೆಸ್ ಫ್ಯಾಲನ್ ಊರುಗೋಲಿನ ಮೇಲೆ ಭಾರ ಹಾಕಿ ಅವರನ್ನೇ ನೋಡುತ್ತಿದ್ದರು. ಆ ವೃದ್ಧೆಯ ಮುಖದಲ್ಲಿದ್ದ ಹಿಗ್ಗು ನಿಧಾನವಾಗಿ ಆರಿಹೋಗುವುದನ್ನು ಕಂಡೆ; ಅವರಿಗೂ ಅರ್ಥವಾಗಿತ್ತು.

ಮಠಕ್ಕೆ ಬಂದಾಗ ಆಮ್ನಾ ಇರಲಿಲ್ಲ.

ಇನಾಯತುಲ್ಲಾ ಫೋನು ಮಾಡಿದರು. ಅದು ಹೊಡೆದುಕೊಂಡಿತು, ಎತ್ತಲಿಲ್ಲ. ಸನ್ಯಾಸಿಗಳನ್ನು ರಾಜನ ಆಳುಗಳು ಹೊರಗಟ್ಟಿದ ಕಥೆಯನ್ನು ಅರ್ಧ ಹೇಳಿ ನಿಲ್ಲಿಸಿ, ಮತ್ತೆ ಮಾಡಿದರು. ಗೆಳತಿಯ ಮನೆಗೆ ಮಾಡಿದರೆ, ಆಮ್ನಾ ಹೊರಟು ಒಂದು ಗಂಟೆಗೂ ಹೆಚ್ಚಾಯಿತೆಂದರು. ಆ ಮನೆಯಿಂದ ಮಠಕ್ಕೆ ಕಾಲು ಗಂಟೆಯ ದಾರಿ. "ಗ್ರ್ಯಾಂಡ್," ಎಂದರು ಇನಾಯತುಲ್ಲಾ, ಯಾರಿಗೂ ಅಲ್ಲ. ಎರಡನೆಯ ಸಲ ಆ ಶಬ್ದ ತುಟಿಯಿಂದ ಹೊರಗೇ ಬರಲಿಲ್ಲ.

ಗುಂಪಿನ ಹಿಂದುಗಡೆಯಿಂದ, ಕಾರ್ಕ್ ಕಡೆಯಿಂದ ಬಂದಿದ್ದ ವೃದ್ಧ ದಂಪತಿಗಳಲ್ಲಿ ಹೆಂಡತಿ ಮುಂದೆ ಬಂದರು. ಹಿಂದಿನ ರಸ್ತೆಯಲ್ಲಿ, ಗೋಡೆಯ ಪಕ್ಕ, ಉದ್ದ ಜಡೆಯ ಹುಡುಗಿಯೊಬ್ಬಳನ್ನು ಕಂಡೆವೆಂದರು. ಸೇತುವೆಗೆ ದಾರಿ ಕೇಳೋಣವೆಂದು ಕಾರು ನಿಧಾನ ಮಾಡಿ ಕಿಟಕಿಯಿಳಿಸಿ ಕೂಗಿದೆವು. ಅವಳು ತಿರುಗಿ ನೋಡದೆ ಬೇಗ ಬೇಗ ನಡೆದಳು. ಕೇಳಿಸಲಿಲ್ಲವೇನೋ ಎಂದು ನಾವೂ ಅವಳ ಹಿಂದೆಯೇ ನಿಧಾನವಾಗಿ ಬಂದೆವು, ನನ್ನ ಗಂಡ ಇನ್ನೊಮ್ಮೆ ಕೂಗಿದ. ಆಗ ಅವಳು ಗೋಡೆ ಹತ್ತಿ ಆಚೆ ಹಾರಿಬಿಟ್ಟಳು. ಹೇಳುತ್ತ ಹೇಳುತ್ತ ಆ ಹೆಂಗಸಿನ ದನಿ ತಗ್ಗಿತು. ಹುಡುಗಿಯನ್ನು ಹೆದರಿಸಿಬಿಟ್ಟೆವೇನೋ ಎಂದು ಆಗಲೇ ಅನ್ನಿಸಿತ್ತೆಂದರು.

ಇನಾಯತುಲ್ಲಾ ಓಡಿದರು. ಗೋಡೆಯ ನೆರಳನ್ನು ಬಿಟ್ಟು ರಸ್ತೆಯ ನಟ್ಟನಡುವೆ ಅವರು ಓಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ನಾನೂ ಪಬ್ಬಿನ ಯಜಮಾನ ಡೆಕ್ಲನ್ ಎಂಬ ಗಟ್ಟಿಮುಟ್ಟಾದ ಮನುಷ್ಯನೂ ಹಿಂದೆ ಓಡಿದೆವು. ಹೆಜ್ಜೆಕಲ್ಲುಗಳನ್ನು ಹತ್ತಿ ಆಚೆಗಿಳಿದರೆ ಬೀಚ್ ಎಂಬ ಎತ್ತರದ ಮರಗಳ ಕಾಡು, ಹಗಲಲ್ಲೂ ಮಂಕು ಬೆಳಕು, ಕಾಲ ಕೆಳಗೆ ವರ್ಷಗಳಿಂದ ಕೊಳೆತ ಎಲೆಗಳ ಮೆತ್ತೆ. ಹೆಸರು ಹಿಡಿದು ಕೂಗಿದರೆ ಕಾಗೆಗಳು ಎದ್ದವು, ಅಷ್ಟೇ. ನಾನು ಇನ್ನೊಮ್ಮೆ ಕೂಗಹೋದಾಗ ಇನಾಯತುಲ್ಲಾ ನನ್ನ ತೋಳು ಹಿಡಿದರು. "ಕೂಗ್ಬೇಡಿ ಮೇಷ್ಟ್ರೇ. ಗಂಡಸ್ರ ದನಿ ಕೇಳಿದ್ರೆ ಉಸಿರು ಬಿಡ್ಬೇಡ ಅಂತ ನಾನೇ ಹೇಳಿದೀನಿ."

ಅವರು ಮಗಳ ಹಾಗೆ ಯೋಚಿಸಲು ಪ್ರಯತ್ನಿಸುತ್ತ ಆ ಕಾಡಿನ ನಡುವೆ ನಿಂತರು. ಜಮೀನ್ದಾರನ ಬಂಗಲೆ ನೂರು ವರ್ಷದ ಹಿಂದೆ ಸುಟ್ಟುಹೋಗಿ ಉಳಿದದ್ದು ಗೋಡೆಗಳು ಮಾತ್ರ. ಅಲ್ಲಿ ಅಡಗಲು ಜಾಗವಿಲ್ಲ. ಅದರ ಹಿಂದೆ ದಿಬ್ಬದೊಳಗೆ ಒಂದು ಐಸ್‌ಹೌಸ್ ಇದೆಯೆಂದು ಡೆಕ್ಲನ್ ಹೇಳಿದ. ಚಳಿಗಾಲದಲ್ಲಿ ಕೆರೆಯ ಮಂಜುಗಡ್ಡೆಯನ್ನು ಒಡೆದು ತಂದು ಬೇಸಿಗೆಯವರೆಗೆ ಕಾಪಿಡಲು ಇಂಥ ಬಂಗಲೆಗಳಲ್ಲಿ ಮಾಡುತ್ತಿದ್ದ, ಮಣ್ಣಿನಡಿಯ ಇಟ್ಟಿಗೆಯ ಬಾವಿ ಅದು. ಮೇಲೆ ಗುಮ್ಮಟ, ಒಳಹೋಗಲು ಬಗ್ಗಿ ನಡೆಯುವಂಥ ಸುರಂಗ. ಇನಾಯತುಲ್ಲಾ ಆಗಲೇ ದಿಬ್ಬದ ಕಡೆ ಹೊರಟಿದ್ದರು. ಆ ಜಾಗ ಅವರಿಗೆ ಗೊತ್ತಿತ್ತು. ಅದಕ್ಕೆ ಒಂದೇ ಬಾಯಿ ಎಂಬ ಕಾರಣಕ್ಕೆ ಅದನ್ನು ತಮ್ಮ ಪಾಠದಿಂದ ಅವರೇ ಕೈಬಿಟ್ಟಿದ್ದರು, ಮಗಳಿಗೆ ತೋರಿಸಿಯೂ ಇರಲಿಲ್ಲ, ಹೋಗಬೇಡವೆಂದೂ ಹೇಳಿರಲಿಲ್ಲ.

ದಿಬ್ಬದ ಬುಡದಲ್ಲಿ ಐವಿ ಬಳ್ಳಿಯ ಪರದೆಯ ಹಿಂದೆ ಕಬ್ಬಿಣದ ಸರಳುಗಳ ಗೇಟಿತ್ತು. ಬಳ್ಳಿ ಹೊಸದಾಗಿ ಹರಿದಿತ್ತು. ಒಳಹೊಕ್ಕವಳು ಗೇಟನ್ನು ಹಿಂದಿನಿಂದ ಎಳೆದುಕೊಂಡಿರಬೇಕು. ತುಕ್ಕು ಹಿಡಿದ ಚಿಲಕ ಹೊರಗಡೆಯಿಂದ ಬಿದ್ದುಬಿಟ್ಟಿತ್ತು. ಇನಾಯತುಲ್ಲಾ ಸರಳುಗಳಿಗೆ ಮುಖವೊತ್ತಿ, ಬಹಳ ಮೃದುವಾಗಿ, ಮನೆಯಲ್ಲಿ ಕರೆಯುವಂತೆ, "ಆಮ್ನಾ, ಬೇಟಾ" ಎಂದರು. ಕತ್ತಲೆಯ ತಳದಿಂದ, ಬಾವಿಯೊಳಗಿಂದ ಬಂದಂಥ ಸಣ್ಣ ದನಿಯೊಂದು "ಡ್ಯಾಡ್" ಎಂದಿತು.

ಡೆಕ್ಲನ್ ಕಲ್ಲಿನಿಂದ ಬಡಿದು ಚಿಲಕವನ್ನು ಎಬ್ಬಿಸಿದ. ಗೇಟು ಕಿರುಗುಟ್ಟುತ್ತ ತೆರೆಯಿತು. ಸುರಂಗ ಸೊಂಟದೆತ್ತರ, ಒಬ್ಬನ ಅಗಲ, ಆ ತುದಿಯಲ್ಲಿ ಏನೂ ಕಾಣದ ಕಪ್ಪು. ಡೆಕ್ಲನ್‌ನ ಹೆಗಲು ಅದರೊಳಗೆ ಹಿಡಿಯುವಂತಿರಲಿಲ್ಲ. ನಾನು ಮುಂದೆ ಬಂದೆ. ಇನಾಯತುಲ್ಲಾ ಕೈಯಡ್ಡ ಹಿಡಿದರು. ಹಿಡಿದವರು ಹಾಗೇ ನಿಂತುಬಿಟ್ಟರು. ಅವರ ಬೆರಳುಗಳು ಕಲ್ಲಿನ ಚೌಕಟ್ಟನ್ನು ಹಿಡಿದಿದ್ದವು. ಆ ಕ್ಷಣದಲ್ಲಿ ಅವರ ಕಣ್ಣ ಮುಂದೆ ಯಾವ ಬೀದಿಯಿತ್ತು, ಯಾವ ಗೋಡೆಯಿತ್ತು ಎಂಬುದನ್ನು ನಾನು ಕೇಳಬೇಕಾಗಿರಲಿಲ್ಲ.

"ಹಿಂದೆ ಯಾರೂ ಬರಲ್ಲ ಅಲ್ವಾ ಮೇಷ್ಟ್ರೇ?" ಎಂದರು.

ನಾನಿಲ್ಲೇ ಬಾಗಿಲಲ್ಲಿ ನಿಂತಿರುತ್ತೇನೆ ಎಂದೆ.

ಅವರು ತಲೆ ಬಗ್ಗಿಸಿ ಒಳಗೆ ಹೋದರು. ಹಳದಿ ಜಾಕೆಟ್ಟಿನ ಬೆಳ್ಳಿಪಟ್ಟಿ ಸ್ವಲ್ಪ ದೂರ ಹೊಳೆದು ಆರಿತು. ಆಮೇಲೆ ಕೇಳಿದ್ದು ಸದ್ದುಗಳು ಮಾತ್ರ: ಜಾರಿದ ಕಾಲು, ಉದುರಿದ ಇಟ್ಟಿಗೆ, ನೀರಿನ ಕಲಕು, ಹುಡುಗಿಯ ಅಳು, ಮತ್ತು ನಿಲ್ಲದೆ ಹರಿಯುತ್ತಿದ್ದ ಅಪ್ಪನ ಮಾತು, ಉರ್ದು, ಕನ್ನಡ, ಇಂಗ್ಲಿಷ್ ಎಲ್ಲ ಬೆರೆತ, ಅರ್ಥಕ್ಕಿಂತ ದನಿಯೇ ಮುಖ್ಯವಾದ ಮಾತು. ಆಮ್ನಾ ಕತ್ತಲಲ್ಲಿ ಮುಂದೆ ಮುಂದೆ ಸರಿದು ಸುರಂಗದ ತುದಿಯಿಂದ ಬಾವಿಯೊಳಕ್ಕೆ ಜಾರಿದ್ದಳು. ನೂರು ವರ್ಷದ ಎಲೆಕಸ ತಳದಲ್ಲಿ ತುಂಬಿದ್ದರಿಂದ ಎಲುಬು ಮುರಿಯಲಿಲ್ಲ, ಪಾದ ಉಳುಕಿತ್ತು. ಮೊಣಕಾಲ ಮಟ್ಟದ ಮಳೆನೀರಿನಲ್ಲಿ ಒಂದು ಗಂಟೆಗೂ ಮೀರಿ ನಿಂತಿದ್ದಳು. ಮಣ್ಣಿನ ಆಳದಲ್ಲಿ ಸಿಗ್ನಲ್ ಇಲ್ಲ. ಫೋನು ಸುರಂಗದ ಬಾಯಲ್ಲೇ ಕೈಜಾರಿ ಬಿದ್ದು, ಸದ್ದಿಲ್ಲದೆ ನಡುಗುತ್ತ ಅಲ್ಲೇ ಇತ್ತು. ಡೆಕ್ಲನ್ ಓಡಿಹೋಗಿ ತಂದ ಹಗ್ಗವನ್ನು ಒಳಗೆ ಬಿಟ್ಟೆವು, ನಾವಿಬ್ಬರೂ ಎಳೆದೆವು.

ಹೊರಬಂದಾಗ ಅವಳ ತುಟಿ ನೀಲಿಗಟ್ಟಿತ್ತು, ಜಡೆಯಲ್ಲಿ ಕೊಳೆತ ಎಲೆಗಳು ಅಂಟಿದ್ದವು. ಹುಲ್ಲಿನ ಮೇಲೆ ಕೂತು ಹಲ್ಲು ಕಟಕಟಿಸುತ್ತ ಅಪ್ಪನ ಮುಖವನ್ನೇ ನೋಡಿದಳು. ಬೈಗುಳವನ್ನೋ ಮೆಚ್ಚುಗೆಯನ್ನೋ ಕಾಯುತ್ತಿದ್ದಂತಿತ್ತು.

"ಐ ಡಿಡ್ ಇಟ್ ರೈಟ್, ಡ್ಯಾಡ್," ಎಂದಳು. "ಐ ಡಿಡಂಟ್ ಮೇಕ್ ಎ ಸೌಂಡ್."

ಇನಾಯತುಲ್ಲಾ ಅವಳ ಜಡೆಯಿಂದ ಒಂದೊಂದೇ ಎಲೆಯನ್ನು ಬಿಡಿಸತೊಡಗಿದರು. ಅಷ್ಟರಲ್ಲಿ ಊರವರು ಕಾಡಿನೊಳಗೆ ಬಂದಿದ್ದರು, ಎಲ್ಲರಿಗಿಂತ ಮುಂದೆ ಕಾರ್ಕಿನ ಆ ವೃದ್ಧೆ, ತಮ್ಮ ಕೋಟನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು. ಆಕೆ ಬಗ್ಗಿ ಅದನ್ನು ಆಮ್ನಾಳ ಹೆಗಲಿಗೆ ಹೊದಿಸಿದಾಗ ಹುಡುಗಿ ಬೆದರಿ ಹಿಂದೆ ಸರಿದಳು, ಆಮೇಲೆ ಹೊದ್ದುಕೊಂಡಳು. ಕಾರಿನಲ್ಲಿ ಬಂದವರು ನಾವೇ ಕಂದಾ, ದಾರಿ ಕೇಳಲು ಕೂಗಿದೆವು ಎಂದು ಆಕೆ ಹೇಳುತ್ತಿದ್ದುದನ್ನು ಕೇಳುತ್ತ ಇನಾಯತುಲ್ಲಾ ನೆಲದ ಮೇಲೆ ಕುಸಿದು ಕೂತು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

ಆ ದಂಪತಿಗಳದ್ದೂ ತಪ್ಪಿರಲಿಲ್ಲ. ಹುಡುಗಿಯದ್ದೂ ಇರಲಿಲ್ಲ, ಎರಡು ವರ್ಷದ ಹಿಂದೆ ಅವಳಪ್ಪನನ್ನು ಬೆನ್ನಟ್ಟಿದವರೂ ಹೀಗೆಯೇ ಮೊದಲು ಕೂಗಿದ್ದರು. ಕೂಗಿನಲ್ಲಿ ಯಾವುದು ಯಾವುದೆಂದು ಬೆನ್ನಿಗೆ ತಿಳಿಯುವುದಿಲ್ಲ. ಅಂದು ಸಂಜೆ ಸುರಯ್ಯಾ ಡ್ಯೂಟಿ ಮುಗಿಸಿ ಬಂದು, ಮಗಳ ಪಾದಕ್ಕೆ ಪಟ್ಟಿ ಸುತ್ತಿ, ಗಂಡನ ಪಕ್ಕ ಕುಳಿತರು. ನಾನು ಹೊರಡಲು ಎದ್ದಾಗ ಇನಾಯತುಲ್ಲಾ ಮೆಲ್ಲಗೆ, ಮಗಳಿಗೆ ಹೇಳಿದ್ದೋ ಹೆಂಡತಿಗೆ ಹೇಳಿದ್ದೋ ತಿಳಿಯದಂತೆ, ಅಂದರು: "ಇನ್ಮೇಲೆ ನಾನು ಏನೂ ಹೇಳ್ಕೊಡಲ್ಲ."

ಹೇಳಿದಂತೆಯೇ ನಡೆದುಕೊಂಡರು. ಇದರಿಂದ ಅವರು ಧೈರ್ಯವಂತರಾದರೆಂದು ಯಾರೂ ಭಾವಿಸಬಾರದು. ಕಳೆದ ತಿಂಗಳು ಹೋಗಿದ್ದೆ. ಆಮ್ನಾ ಒಬ್ಬಳೇ ಬಸ್ ಹಿಡಿದು ಪಕ್ಕದ ಪಟ್ಟಣಕ್ಕೆ ಕ್ಯಾಮೊಗಿ ಆಡಲು ಹೋಗುವವಳಿದ್ದಳು. ಹುಡುಗಿಯರು ಕೋಲು ಹಿಡಿದು ಮೈದಾನದ ತುಂಬ ಓಡಾಡುವ ಇಲ್ಲಿನ ಆಟ ಅದು. ಹೊಸ್ತಿಲು ದಾಟುವ ಮಗಳಿಗೆ ಇನಾಯತುಲ್ಲಾ ಯಾವ ದಾರಿಯ ಮಾತನ್ನೂ ಆಡಲಿಲ್ಲ. ನೀರಿನ ಬಾಟಲಿ ಇಟ್ಟುಕೊಂಡೆಯಾ ಎಂದಷ್ಟೇ ಕೇಳಿದರು, ನಕ್ಕರು ಕೂಡ. ಬಾಗಿಲು ಮುಚ್ಚಿದ ಮೇಲೆ ಅಡುಗೆಮನೆಗೆ ಹೋಗಿ, ಆಗಲೇ ತೊಳೆದಿಟ್ಟಿದ್ದ ಪಾತ್ರೆಗಳನ್ನು ಮತ್ತೆ ಸಿಂಕಿಗೆ ಹಾಕಿ, ಬಿಸಿನೀರಿನಲ್ಲಿ ಕೈಯದ್ದಿ ನಿಂತರು. ಬಸ್ ಇಳಿದೆನೆಂಬ ಅವಳ ಸಂದೇಶ ಬರುವವರೆಗೆ ನಾನಾಡಿದ ಯಾವ ಮಾತೂ ಅವರಿಗೆ ಕೇಳಿಸಲಿಲ್ಲ. ನೀರು ತಣ್ಣಗಾಗಿತ್ತು, ಬೆರಳುಗಳು ಸುಕ್ಕಾಗಿದ್ದವು.

ಒಮ್ಮೆ ಪೆಟ್ಟು ತಿಂದು ಪರದೇಶದಲ್ಲಿ ಉಳಿದುಕೊಂಡವರ ಒಂದು ಪಂಗಡವೇ ಇದೆ. ಬೆಂಗಳೂರಿನವರಿದ್ದಾರೆ, ಮೈಸೂರಿನವರಿದ್ದಾರೆ, ನಮ್ಮ ಸಭೆಗಳಲ್ಲಿ ಹೆಚ್ಚು ಮಾತಾಡದೆ ಗೋಡೆಯ ಬದಿಗೆ ಕೂರುತ್ತಾರೆ. ಅವರನ್ನು ಪುಕ್ಕಲರೆಂದು ನಗುವವರುಂಟು, ಧೈರ್ಯ ತಂದುಕೊಳ್ಳಿ ಎಂದು ಬೆನ್ನು ತಟ್ಟುವವರುಂಟು. ಧೈರ್ಯ ಅವರಿಗೆ ಬರುವುದಿಲ್ಲ, ಬಹುಶಃ ಬರಬೇಕಾಗಿಯೂ ಇಲ್ಲ. ಹೊಲಮನೆಗಳನ್ನೂ ಸಾಲಸೋಲಗಳನ್ನೂ ಮಕ್ಕಳಿಗೆ ದಾಟಿಸುವುದು ಲೋಕದ ರೂಢಿ. ಭಯವೂ ಹಾಗೆಯೇ, ಯಾರೂ ಕೊಡದೆಯೇ, ತಂದೆಯ ನಡಿಗೆಯಿಂದ ಮಗುವಿನ ನಡಿಗೆಗೆ ಇಳಿದುಬಿಡುತ್ತದೆ. ಅದನ್ನು ತಮ್ಮ ಮೈಯೊಳಗೇ ತಡೆದು ನಿಲ್ಲಿಸಿ, ಮಗುವಿನೆದುರು ನೀರಿನ ಬಾಟಲಿಯ ಮಾತಾಡುವುದಕ್ಕೆ ಎಷ್ಟು ಬಲ ಬೇಕೆಂಬುದು ಹೆದರದವರಿಗೆ ಎಂದಿಗೂ ತಿಳಿಯುವುದಿಲ್ಲ. ಅಂಥವರು ಹೆದರಿಕೊಂಡೇ ಬದುಕುತ್ತಾರೆ, ಹೆದರಿಕೊಂಡೇ ಸಾಯುತ್ತಾರೆ. ಅವರ ಮಕ್ಕಳು ಮಾತ್ರ ಎಲ್ಲೋ ಮೈದಾನದಲ್ಲಿ, ಯಾರೋ ಹಿಂದಿನಿಂದ ಹೆಸರು ಕೂಗಿದರೆ, ತಿರುಗಿ ನೋಡುತ್ತಾರೆ.